ತೇವದ ಲೆಕ್ಕ

ತೇವ ಕಳೆದರೆ ಎಷ್ಟು ಉಳಿದೀತು?
ಆ ಲೆಕ್ಕಕ್ಕೆ ಯಾರ ಚೀಲವೂ ಬೇಕಿಲ್ಲ.
ತೂಕ ಕೊಡು, ತೇವದಂಶ ಕೊಡು,
ಉತ್ತರ ಹೇಳಿ ಮರೆತುಬಿಡುತ್ತದೆ.
ಅದಕ್ಕೇ ಸ್ಟ್ಯಾಟಿಕ್ ಎಂದು ಬರೆದೆ,
ಸುಂಟಿಕೊಪ್ಪದ ಕಾಫಿ ಡಿಪೋದ ಮಹಡಿಯಲ್ಲಿ,
ಕೆಳಗೆ ಗೋಣಿ ಎಳೆಯುವ ಸದ್ದು.

ಅದೇ ಕೈ, ಅದೇ ಸೋಮಾರಿತನ
ಚೀಲದ ತೂಕಕ್ಕೂ ಆ ಪದ ಅಂಟಿಸಿತ್ತು.

ಮಂಗಳವಾರ ಪರದೆ ತೆರೆದವರಿಗೆಲ್ಲ
ಒಂದೇ ಅಂಕಿ: ನಲವತ್ತೆಂಟು ಕಿಲೋ ಇನ್ನೂರು ಗ್ರಾಂ.
ಕೊನೆಗೆ ತೂಗಿದ ಚೋಂದಮ್ಮನದು.
"ಊರಿಗೆಲ್ಲ ಸಮಪಾಲು ಬಂತಲ್ಲ!"
ನಕ್ಕ, ಮೂಟೆ ಹೊರುವ ಮೊಯ್ದು.
ಚೋಂದಮ್ಮ ನಗಲಿಲ್ಲ.
"ಬಾಯಿಗೆ ನೀಲಿ ದಾರ ಹೊಲಿದಿದ್ದೆ,
ಒಂದು ಮೂಲೆ ಇಲಿ ಕಡಿದಿತ್ತು.
ನಿನ್ನ ಕಂಪ್ಯೂಟರಿಗೆ ಕಾಣಲಿಲ್ವಾ?"

ಒಂದು ಪದ ಅಳಿಸಿದೆ. ಅಷ್ಟೇ ಕೆಲಸ.
ಚೀಲಗಳು ತಂತಮ್ಮ ಭಾರಕ್ಕೆ ಮರಳಿದವು.
ಈಗ ಪ್ರತಿಯೊಂದೂ 'ನನ್ನ' ಎನ್ನಬಲ್ಲದು:
ನನ್ನ ತೂಕ, ನನ್ನ ತೇವ, ನನ್ನ ನೀಲಿ ದಾರ.
ಇಲಿ ಕಡಿದದ್ದಕ್ಕೂ ಒಂದು ಕಾಲಂ ಸೇರಿಸಿದ್ದೇನೆ,
ಯಾರಿಗೂ ಹೇಳಿಲ್ಲ.

ತೇವದ ಲೆಕ್ಕವನ್ನು ಮಾತ್ರ ಮುಟ್ಟಲಿಲ್ಲ.
ಅದರೊಳಗೆ 'ನನ್ನ' ಎಂದು ಬರೆಯಹೋದರೆ
ಕೆಂಪು ಗೆರೆ ಬೀಳುತ್ತದೆ.

ಡಿಪೋ ಮುಚ್ಚುವ ಹೊತ್ತಿಗೆ
ಖಾಲಿ ತಕ್ಕಡಿಯ ಹಲಗೆ ಹತ್ತಿ ನಿಂತೆ, ಚಪ್ಪಲಿ ಸಮೇತ.
ಮುಳ್ಳು ಓಲಾಡಿ ಏನೋ ಒಂದು ಅಂಕಿ ತೋರಿಸಿತು.
ಇಳಿದೆ.
ಮರೆತುಬಿಟ್ಟಿತು.