ಇಂಪಿಲ

ಬೇರಿಗೆ ಒಡೆಯನ ಗುರುತಿರುವುದಿಲ್ಲ, ಸಿಸ್ಟರ್ ಮೂನ್‌ಸಾಮಿ.
ದನವಾದರೆ ಕಿವಿ ಸೀಳಿರುತ್ತೇವೆ.
ಡರ್ಬನ್ನಿನ ಈ ಮೇಲ್ಸೇತುವೆಯ ಕೆಳಗೆ
ಗೋಣಿ ಹಾಸಿ ಕೂತವರು ನಲವತ್ತು ಜನ,
ಎಲ್ಲರ ಬೇರೂ ಅದೇ ಗುಡ್ಡದ್ದು, ಅದೇ ಮಣ್ಣಿನ ಬಣ್ಣದ್ದು,
ಹೆಬ್ಬೆರಳಿನಷ್ಟು ದಪ್ಪದ್ದು. ನನ್ನದೇ ಎಂದು ಹೇಗೆ ಹೇಳುತ್ತೀ?

ಇಷ್ಟು ಹೇಳಿ ಮುಗಿಸುವವಳಿದ್ದೆ.
ಅವಳು ಕಾಗದದ ಚೀಲ ತಲೆಕೆಳಗು ಮಾಡಿದಳು.
ಬೇರಿನ ಹಿಂದೆಯೇ ಬಿತ್ತು ಕೆಂಪು ಉಣ್ಣೆಯ ಎಳೆ,
ಗಂಟು ಬಿಚ್ಚಿರಲಿಲ್ಲ, ಜಾರಿಸಿ ತೆಗೆದಿದ್ದರು.

ತೀರಿಕೊಂಡ ನನ್ನ ತಂಗಿ ಬಾಜಬುಲಿಲೆಯ ಸ್ವೆಟರಿನ ಉಣ್ಣೆ.
ತೋಳಿನಿಂದ ಬಿಚ್ಚತೊಡಗಿದ್ದೆ,
ಈಗ ಎದೆಯ ತನಕ ಬಂದಿದ್ದೇನೆ.
ಈ ಸಂತೆಯಲ್ಲಿ ಇನ್ನಾರೂ ಹಾಗೆ ಕಟ್ಟುವುದಿಲ್ಲ.

‘ನಾಲ್ಕು ವರ್ಷದ ಕೂಸು. ಝಿತೊಬಿಲೆ.
ಮೊದಲು ವಾಂತಿ, ಆಮೇಲೆ ಸೆಟೆತ,
ರಕ್ತದಲ್ಲಿ ಸಕ್ಕರೆಯೇ ಇಲ್ಲ.
ಕಣ್ಣು ಹಳದಿಯಾಗಲಿಕ್ಕೂ ಪುರುಸೊತ್ತಾಗಲಿಲ್ಲ,
ಈಲಿ ಅಷ್ಟು ಬೇಗ ಕೈಚೆಲ್ಲುತ್ತಿದೆ.
ಔಷಧ ಏನಾದರೂ ಕೊಟ್ಟಿರಾ ಅಂತ ಅಜ್ಜಿಯನ್ನು ಮೂರು ಸಲ ಕೇಳಿದೆವು,
ಮೂರು ಸಲವೂ ಇಲ್ಲ ಅಂದಳು.
ನಾಲ್ಕನೆಯ ಸಲ, ಬೇರು ಏನಾದರೂ, ಅಂದಾಗ
ಸೆರಗಿನಂತೆ ಹೊದ್ದ ಕಂಬಳಿಯೊಳಗಿಂದ ಇದನ್ನು ತೆಗೆದಳು.’

ಸುಳ್ಳು ಹೇಳಲಿಲ್ಲ ಅವಳು.
ಔಷಧ ಅಂದರೆ ನಿಮ್ಮದು. ಇದರ ಹೆಸರು ಇಂಪಿಲ.
ಇಂಪಿಲ ಅಂದರೆ ಆರೋಗ್ಯ, ಗೊತ್ತಲ್ಲ ನಿನಗೆ.
ಆರೋಗ್ಯ ಕೊಟ್ಟೆ ಅಂತ ಯಾರಾದರೂ ತಪ್ಪೊಪ್ಪಿಕೊಳ್ಳುತ್ತಾರೆಯೇ?

ನನ್ನ ಅವ್ವನ ಕೆಮ್ಮು ಇದರಿಂದಲೇ ನಿಂತಿತು.
ನಾನೂ ಪ್ರತಿ ಚಳಿಗಾಲ ಕುಡಿಯುತ್ತೇನೆ,
ಕುದಿಸಿ, ಕುದಿಸಿ, ಮೊದಲ ನೀರು ಚೆಲ್ಲಿ, ಮತ್ತೆ ಕುದಿಸಿ,
ಕುಡಿದದ್ದನ್ನು ಬೆರಳಿಟ್ಟು ಕಕ್ಕಿ.
(‘ನಿಮ್ಮ ರಕ್ತವನ್ನೂ ನೋಡಬೇಕು, ಮಂಗ್‌ಚಾಮು’ ಎಂದಳು.
ಕೇಳಿಸದವಳಂತೆ ಕೂತೆ.)

ಆ ದಿನ ಅಜ್ಜಿ ಕೊಟ್ಟದ್ದು ನೂರರ ನೋಟು.
ಬೇರು ಹದಿನೈದು ರ‍್ಯಾಂಡ್.
ಟ್ಯಾಕ್ಸಿಯ ಹುಡುಗರು ಕೂಗುತ್ತಿದ್ದರು, ಉಮ್ಲಾಝಿ, ಉಮ್ಲಾಝಿ!
ನನ್ನ ಬಳಿ ಚಿಲ್ಲರೆ ಇರಲಿಲ್ಲ, ಎದುರಿನ ಜೋಳದವಳಲ್ಲಿ ಮುರಿಸಿದೆ,
ಐವತ್ತು, ಇಪ್ಪತ್ತು, ಹತ್ತು, ಐದು,
ಒಂದು ನೋಟು ಹರಿದಿತ್ತು, ಅವಳು ಬೇಡವೆಂದಳು, ಬದಲಿಸಿದೆ.
ಎಲ್ಲ ನೆನಪಿದೆ.
ಕುದಿಸು ಅಂದೆನೋ ಇಲ್ಲವೋ,
ಅದೊಂದು ನೆನಪಿಲ್ಲ.

ಕೂಸಿಗೆ ಅಂತ ಅವಳು ಹೇಳಿದ್ದಳೇ?
ನಾನು ಕೇಳಿದ್ದೆನೇ?

ನಮ್ಮ ಮಾತಿನಲ್ಲಿ ಈಲಿಗೂ ಧೈರ್ಯಕ್ಕೂ ಪದ ಒಂದೇ, ಇಸಿಬಿಂಡಿ.
ಹಿರಿಯರು ಅನ್ನುತ್ತಿದ್ದರು,
ಇಸಿಬಿಂಡಿ ಉಳಿಸುತ್ತದೆ, ಇಸಿಬಿಂಡಿ ಕೊಲ್ಲುತ್ತದೆ.
ಚಿಕ್ಕವಳಿದ್ದಾಗ ಯುದ್ಧದ ಮಾತು ಅಂದುಕೊಂಡಿದ್ದೆ.
ಪಕ್ಕೆಲುಬಿನಡಿ ಸುಮ್ಮನೆ ಮಲಗಿದ ಆ ಕಪ್ಪುಗೆಂಪು ಮುದ್ದೆಗೆ,
ಹಾಕಿದ್ದನ್ನೆಲ್ಲ ತೊಳೆದು ಕಳಿಸುವ ಆ ಮೂಕ ಕೆಲಸದವಳಿಗೆ,
ಯಾರು ಮೊದಲು ಧೈರ್ಯ ಅಂತ ಹೆಸರಿಟ್ಟರೋ
ಅವರಿಗೆ ಅದು ಸೋಲುವ ರೀತಿಯೂ ಗೊತ್ತಿದ್ದಿರಬೇಕು.

ನನಗೆ ಮಾತ್ರ ಅದು ಬರಲಿಲ್ಲ.
‘ನನ್ನದೇ’ ಎನ್ನಲು ಎಷ್ಟು ಹೊತ್ತು ಬೇಕಾಯಿತೆಂದರೆ
ಅಷ್ಟರಲ್ಲಿ ಎರಡು ಟ್ಯಾಕ್ಸಿ ತುಂಬಿ ಹೊರಟವು.

ಅವಳು ಬೈಯಲಿಲ್ಲ. ಬೇರನ್ನು ಚೀಲಕ್ಕೆ ಹಾಕಿ
ಎಷ್ಟು ಕುದಿಸಬೇಕು, ಎಷ್ಟು ಕೊಡಬೇಕು, ಎಲ್ಲ ಬರೆದುಕೊಂಡು
ವಾರ್ಡಿಗೆ ಓಡಿದಳು. ಉಣ್ಣೆ ಇಲ್ಲೇ ಉಳಿಯಿತು.

ಮೂರು ದಿನವಾಯಿತು. ಸುದ್ದಿ ಬಂದಿಲ್ಲ.
ಇಂಪಿಲವನ್ನು ಗೋಣಿಯ ತಳಕ್ಕೆ ಸರಿಸಿದ್ದೇನೆ.
ಧೂಪದ ಎಲೆ ಕೊಂಡವರಿಗೂ ಹೇಳುತ್ತೇನೆ, ಕುದಿಸು.
ನಿನ್ನೆ ಯಾವನೋ ಹುಡುಗ ಸ್ಟೇಷನ್ ಎಲ್ಲಿ ಎಂದು ಕೇಳಿದ.
ಚೆನ್ನಾಗಿ ಕುದಿಸು, ಎಂದೆ.
ನಕ್ಕುಕೊಂಡು ಹೋದ.