ಮೂರನೇ ಎಣಿಕೆ

ನನ್ನ ಹೆಸರು ಸತ್ಯಮಿತ್ರ.
ನಗಬೇಡಿ, ಅಪ್ಪ ಇಟ್ಟದ್ದು,
ದೀಕ್ಷಾಸ್ನಾನದ ದಿನ, ಶಿಡ್ಲಘಟ್ಟದ ಹೆಂಚಿನ ದೇವಾಲಯದಲ್ಲಿ.
ನೀರು ತಣ್ಣಗಿತ್ತಂತೆ, ನಾನು ಕಿರುಚಿದೆನಂತೆ.

ಆಮೇಲಿನದ್ದು ಊರಿಗೇ ಗೊತ್ತು.
ಸುಗ್ಗಿ ಆರಾಧನೆಯ ಹರಾಜು ದುಡ್ಡು:
ಕುಂಬಳಕಾಯಿ, ನಾಟಿ ಹುಂಜ ಒಂದು,
ಯಾರೋ ತಂದ ರಾಗಿ ಮೂಟೆ, ಕೇಕು,
ಎಲ್ಲ ಸೇರಿ ಹನ್ನೊಂದು ಸಾವಿರದ ನಾನೂರು,
ಖಜಾಂಚಿಯ ಜೇಬಿನಲ್ಲಿ ಮಲಗಿ
ಗೂಡಿನ ಮಾರುಕಟ್ಟೆಯಲ್ಲಿ ಎದ್ದಿತು.
ಒಂದೇ ಲಾಟು, ಅಂದುಕೊಂಡೆ. ನಾಳೆ ತುಂಬಿಡುತ್ತೇನೆ.
ನಾಳೆ ಎಂಬುದು ಬಿಸಿನೀರಿಗೆ ಬಿದ್ದ ಗೂಡು,
ಎಳೆದಷ್ಟೂ ಬಂತು;
ಕೊನೆಗೆ ಹುಳ ಮಾತ್ರ ಉಳಿಯಿತು.

ಹಿರಿಯರು ಕೇಳಿದರು: ನನಗೆ ಗೊತ್ತಿಲ್ಲ.
ಪಾದ್ರಿಗಳು ಕೇಳಿದರು: ಗೊತ್ತಿಲ್ಲ ಸ್ವಾಮಿ.
ಹೆಂಡತಿ ಒಲೆಯ ಮುಂದೆ ಕೂತು, ತಿರುಗದೆ, ಕೇಳಿದಳು.
ಕೋಳಿ ಕೂಗಲಿಲ್ಲ.
ಹರಾಜಾದ ಹುಂಜ ಆಗಲೇ ಯಾರದೋ ಮನೆಯ ಸಾರಾಗಿತ್ತು.

ಆರು ವರ್ಷ.
ಚರಕ ಹೋಯಿತು, ಸೈಟು ಹೋಯಿತು,
ಮಗಳ ಫೀಸು ಕಟ್ಟುವ ದಿನ ನಾನು ಮನೆಗೇ ಹೋಗಲಿಲ್ಲ.
ಈಗ ಬಿತ್ತನೆ ಕೋಠಿಯಲ್ಲಿ ಕೂಲಿ, ಮಲಗುವುದೂ ಅಲ್ಲೇ.
ಚಿಟ್ಟೆ ಹೊರಬಂದ ಮೇಲೆ ಉಳಿದ ತೂತುಗೂಡುಗಳನ್ನು
ಗೋಣಿಗೆ ತುಂಬುವ ಕೆಲಸ.
ರೀಲರ್ ಆಗಿದ್ದಾಗ ಇವನ್ನು ಕಾಲಲ್ಲಿ ತಳ್ಳುತ್ತಿದ್ದೆ:
ಎಳೆ ಕಡಿದಿದೆ, ಬಿಚ್ಚಲು ಬರದು, ಕಸ.

ಕೊಳ್ಳಲು ಬರುವ ಖಮರುನ್ನೀಸಾ
ಒಂದನ್ನು ಬೆರಳಿಗೆ ಟೋಪಿಯ ಹಾಗೆ ತೊಡಿಸಿ ಅಂದಳು:
"ಬಿಚ್ಚೋಕಾಗಲ್ಲ ಭಾಯ್, ನೂಲೋಕಾಗುತ್ತೆ.
ಮೈಗೆ ಬೆಚ್ಚಗಿರೋದೂ ಇದೇ."
ಅವಳು ಹೋದ ಮೇಲೆ ಒಂದನ್ನು ಕಿಟಕಿಗೆ ಹಿಡಿದೆ.
ಒಳಗಿದ್ದದ್ದು ಬದುಕಿ
ಹೊರಟುಹೋದ ರಂಧ್ರ.
ಉರುಳಿಸಿದ ಕಲ್ಲನ್ನು ಅಲ್ಲಿಯ ತನಕ
ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದೆ.

ಪ್ರಾರ್ಥನೆ ಮಾಡಿದೆ ಅಂತ ಹೇಳಲಾರೆ.
ಹಿಪ್ಪುನೇರಳೆ ತೋಟದ ಪಕ್ಕ ಸೈಕಲ್ ತುಳಿಯುತ್ತ
ಒಂದೇ ಪದ ಅಭ್ಯಾಸ ಮಾಡಿದೆ, ವಾರವಿಡೀ.
ಗೊತ್ತು. ನನಗೆ ಗೊತ್ತು. ನಾನೇ.

ಭಾನುವಾರ, ಹಿಂದಿನ ಬೆಂಚು.
ಯಾರೂ ತಿರುಗಲಿಲ್ಲ; ಅದೇ ಜೋರಾಗಿ ಕೇಳಿಸಿತು.
ಆಶೀರ್ವಾದ ಮುಗಿದ ಮೇಲೆ ಎದ್ದು ನಿಂತು ಹೇಳಿದೆ,
ಲಾಟಿನ ನಂಬರಿನ ತನಕ.
ತಿಂಗಳಿಗೆ ಐನೂರು ಕಟ್ಟುತ್ತೇನೆ ಅಂದೆ.
ಫ್ಯಾನು ತಿರುಗುತ್ತಿತ್ತು.
ಒಬ್ಬರು ಎದ್ದು ಹೋದರು,
ಇವತ್ತಿಗೂ ಮಾತಾಡುವುದಿಲ್ಲ. ಅವರ ತಪ್ಪಿಲ್ಲ.

ಜ್ಞಾನಸುಂದರಮ್ಮ, ಮಿಷನ್ ಆಸ್ಪತ್ರೆಯಲ್ಲಿ
ಮೂವತ್ತು ವರ್ಷ ಗಾಯ ತೊಳೆದ ಕೈ,
ಕಾಣಿಕೆ ಚೀಲ ತಂದು ನನ್ನ ಮುಂದೆ ಸುರಿದರು.
"ಎಣಿಸು."
ಚಿಲ್ಲರೆ, ನಾಲ್ಕು ಮಡಿಕೆಯ ಹತ್ತರ ನೋಟು,
ಮಗುವಿನ ಬೆವರಿಗೆ ಅಂಟಿದ ನಾಣ್ಯ.
ಬೆರಳು ನಡುಗಿ ಲೆಕ್ಕ ತಪ್ಪಿತು.
"ಮತ್ತೆ ಎಣಿಸು."
ಕಣ್ಣು ಮಂಜಾಗಿ ಐದೂ ಹತ್ತೂ ಒಂದೇ ಕಂಡವು.
"ಎಣಿಸಪ್ಪ, ಸತ್ಯಮಿತ್ರ."
ಆ ಹೆಸರು ಆಗ
ಬೇರೆ ಯಾರದೋ ಅನ್ನಿಸಲಿಲ್ಲ.

ಎಂಟುನೂರ ಮೂವತ್ತೇಳು ರೂಪಾಯಿ.
ಬರೆದೆ, ಸಹಿ ಹಾಕಿದೆ.
ಅವರೂ ಹಾಕಿದರು, ನನ್ನದರ ಕೆಳಗೆ.

ಮನೆಗೆ ಹೋದೆ. ಬಾಗಿಲು ತಟ್ಟುವ ಮನೆಯಾಗಿತ್ತು ಅದು, ನನಗೆ.
ಒಲೆಯಲ್ಲಿ ಕೆಂಡ, ಕೆಂಡದ ಮೇಲೆ ರೊಟ್ಟಿ,
ಹೆಂಡತಿ ತಿರುಗಲಿಲ್ಲ, ಇನ್ನೂ.
"ಕೈ ತೊಳ್ಕೊಂಡು ಬಾ" ಅಂದಳು, ಗೋಡೆಗೆ ಹೇಳುವ ಹಾಗೆ.
ಮಗಳು ತಟ್ಟೆ ಹಾಕುತ್ತಿದ್ದಳು:
ಒಂದು, ಎರಡು,
ಸ್ವಲ್ಪ ತಡೆದು,
ಮೂರು.