ನೀಲಿ ಗಾಜು

ಶಂಕರಘಟ್ಟದ ಕೊನೇ ಬಸ್ಸಿಗೆ ಕಾಯುತ್ತ
ಗುರುತಿನ ಚೀಟಿಯ ಮೇಲಿನ ಬೆಳ್ಳಿ ಮುದ್ರೆಯನ್ನು
ಹೀಗೊಮ್ಮೆ ಹಾಗೊಮ್ಮೆ ಓರೆ ಮಾಡುತ್ತೇನೆ.
ಸಿಪ್ಪೆಯಷ್ಟು ತೆಳು; ಒಳಗೆ ಮಾತ್ರ
ಒಂದು ಗೇಣು ಆಳ.
ಉಗುರಲ್ಲಿ ಕೆರೆದರೆ ಆಳವೂ ಕಿತ್ತು ಬರುತ್ತದೆ.

ಆರು ವರ್ಷದಿಂದ ನನ್ನ ಕೆಲಸ ಇಷ್ಟೇ.

ಕ್ವಾರ್ಕು ಒಂಟಿಯಾಗಿ ಸಿಕ್ಕುವುದಿಲ್ಲ.
ಎಳೆದಷ್ಟೂ ಬಿಗಿಯುವ ನಂಟು;
ಹರಿಯಿತೋ, ಹರಿದ ಕಡೆಯೇ ಹೊಸ ಜೋಡಿ ಹುಟ್ಟಿ
ತುದಿತುದಿಗೆ ಅಂಟಿಕೊಳ್ಳುತ್ತದೆ.
ಇಂಥವುಗಳ ನಡುವೆ ಲೆಕ್ಕಕ್ಕಿಳಿದರೆ
ಮೊದಲ ಪದಕ್ಕಿಂತ ಎರಡನೆಯದು ದೊಡ್ಡದು,
ಎರಡನೆಯದಕ್ಕಿಂತ ಮೂರನೆಯದು,
ಬಡ್ಡಿಗೆ ಚಕ್ರಬಡ್ಡಿ.

ಅದಕ್ಕೇ ಮಗ್ಗುಲು ಬದಲಿಸುತ್ತೇವೆ.
ಇಲ್ಲದ ಐದನೇ ಆಯಾಮವೊಂದನ್ನು ಕಟ್ಟಿ
ಅದರ ತಳದಲ್ಲೊಂದು ಕಪ್ಪುಕುಳಿ ಇಟ್ಟು
ಇಲ್ಲಿನ ಜಗ್ಗಾಟವನ್ನೆಲ್ಲ
ಅಲ್ಲಿನ ಗುರುತ್ವದ ಸಾದಾ ಇಳಿಜಾರೆಂದು ಓದುತ್ತೇವೆ.
ಇಲ್ಲಿ ಬಿಸಿ ಅಂದರೆ ಅಲ್ಲಿ ಕುಳಿಯ ಅಂಚು.
ಇಲ್ಲಿ ಅಲೆ ಅಡಗಿತು ಅಂದರೆ
ಅಲ್ಲಿ ಏನೋ ಒಳಗೆ ಬಿತ್ತು,
ಮತ್ತೆ ಬರಲಿಲ್ಲ.

ಪೇಪರ್ ಟೌನಿನಲ್ಲಿ, ನನ್ನ ಬಾಡಿಗೆ ಕೋಣೆಯ ಕೆಳಗೆ,
ಭದ್ರಾವತಿಯ ಕುಲುಮೆಯೆದುರು ಮೂವತ್ತೊಂದು ವರ್ಷ ನಿಂತ ಅಂತೋಣಿಸ್ವಾಮಿ
ಸೈಕಲ್ ಚೈನಿಗೆ ಎಣ್ಣೆ ಬಿಡುತ್ತ ಕೇಳಿದರು:
"ಅದೆಂಥ ಲೆಕ್ಕ ತಾಯಿ, ರಾತ್ರಿ ಎರಡಾದ್ರೂ ಲೈಟು?"
ಹೇಳಿದೆ: ಚಿನ್ನಕ್ಕೆ ಚಿನ್ನ ಡಿಕ್ಕಿ ಹೊಡೆಸಿದರೆ
ಸೂರ್ಯನ ಹೊಟ್ಟೆಗಿಂತ ಲಕ್ಷಪಟ್ಟು ಬಿಸಿಯ ಒಂದು ಹನಿ.
ಅನಿಲದ ಹಾಗೆ ಚದುರೀತು ಅಂದುಕೊಂಡಿದ್ದರು; ಹರಿಯಿತು.
ಎಷ್ಟು ಸಲೀಸು ಅಂತ ಕಪ್ಪುಕುಳಿ ಹೇಳುತ್ತದೆ:
ಸ್ನಿಗ್ಧತೆಯನ್ನು ಎಂಟ್ರೊಪಿಯಿಂದ ಭಾಗಿಸಿದರೆ
ನಾಲ್ಕು ಪೈಗಳಲ್ಲೊಂದು ಪಾಲು.

ಅವರಿಗೆ ಆಶ್ಚರ್ಯವೇ ಆಗಲಿಲ್ಲ.
"ಕಾದ್ರೆ ಹರಿಯೋದೇ. ಕಬ್ಬಿಣನೂ ನೀರ್ ಹರ್ದಂಗೆ ಹರೀತಿತ್ತು.
ಜೋನಿಬೆಲ್ಲದ ಥರ ಬಂತೋ, ಅದು ಕಬ್ಬಿಣ ಅಲ್ಲ, ಕಿಟ್ಟ.
ಬರಿಗಣ್ಣಲ್ಲಿ ನೋಡ್ಬಾರ್ದು, ನೋಡಿದ್ರೂ ಬರೀ ಬಿಳಿ.
ನೀಲಿ ಗಾಜು ಹಿಡಿದ್ರೆ ಅದ್ರೊಳಗೆ ಬೆಂಕಿನೇ ಇರಲ್ಲ.
ಯಾವ್ದೋ ಕೆರೆ, ಸಂಜೆ ಹೊತ್ತು.
ಆ ಕೆರೆ ನೋಡೇ ಬೆಂಕಿ ಹದ ಹೇಳ್ತಿದ್ವಿ."

ಚೈನು ಒಂದು ಸುತ್ತು ತಿರುಗಿತು.

ಇದ್ದದ್ದು ಇದ್ದ ಹಾಗೆ ನಾನೂ ಹೇಳಿಬಿಟ್ಟೆ:
ನಮ್ಮ ಜಗತ್ತು ಆ ಆಕಾರದ್ದಲ್ಲ,
ನಮ್ಮ ಕಣಗಳಿಗೆ ಬಣ್ಣ ಮೂರೇ, ಮಾದರಿಗೆ ಲೆಕ್ಕವಿಲ್ಲದಷ್ಟು ಬೇಕು;
ಆದರೂ ತೂಕಗಳು ನೂರಕ್ಕೆ ಹತ್ತರ ತಪ್ಪಿನೊಳಗೆ ಸಿಕ್ಕುತ್ತವೆ,
ಯಾಕೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ.
"ನೂರಕ್ಕೆ ಹತ್ತಾ?" ಹಲ್ಲಿಲ್ಲದ ಕಡೆಯಿಂದ ನಕ್ಕರು,
"ನಮ್ ಫೋರ್‌ಮನ್ ಆಗಿದ್ರೆ ಮೆಮೋ ಕೊಡ್ತಿದ್ದ."

ಆ ಗಾಜು ಇದೆಯಾ, ಕೇಳಿದೆ.
ರಿಟೈರಾದ ದಿನ ಸ್ಟೋರಿಗೆ ಒಪ್ಪಿಸಿದರಂತೆ.
ಅಂಚು ಬಿರುಕು ಬಿಟ್ಟಿತ್ತು ಅಂತ
ಹನ್ನೊಂದು ರೂಪಾಯಿ ಹಿಡಿದುಕೊಂಡರಂತೆ.

ಮೇಲೆ ಬಂದು ದೀಪ ಹಾಕಿದೆ.
ಹಾಳೆ.
ಬರೀ ಬಿಳಿ.